12.3 ವೋಲ್ಟ್ ತೋರಿಸಿದ ಮೀಟರ್, ಮೇಲೇರದ ಗ್ಲಾಸು

ಮಳೆಗಾಲದಲ್ಲಿ ಗೋಣಿಕೊಪ್ಪಲಿನ ನಮ್ಮ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಗ್ಲಾಸ್ ಕೆಲಸದವೇ ಹೆಚ್ಚು. ತೋಟದ ಒಳದಾರಿಯಲ್ಲಿ ಓಡಾಡುವ ಕಾರಿನ ಬಾಗಿಲೊಳಗೆ ಸಿಲ್ವರ್ ಓಕ್ ಎಲೆಯ ಚೂರುಗಳು ಸೇರಿ, ನೀರು ಇಳಿದುಹೋಗುವ ತೂತುಗಳು ಕಟ್ಟಿಕೊಂಡು, ಬಾಗಿಲು ತೆರೆದರೆ ತುಂಬಿದ ಕೊಡ ಅಲುಗಾಡಿಸಿದ ಸದ್ದು ಬರುತ್ತದೆ. ಚಾನೆಲ್ ರಬ್ಬರಿನಲ್ಲಿ ಪಾಚಿ ಬೆಳೆದಿರುತ್ತದೆ. ಗ್ಲಾಸ್ ಬಿಗಿಯಾಯಿತೆಂದು ರಬ್ಬರಿಗೆ ಎಂಜಿನ್ ಆಯಿಲ್ ಸವರಿ ತರುವವರಿದ್ದಾರೆ. ಆಯಿಲ್ ಕುಡಿದ ರಬ್ಬರ್ ಉಬ್ಬಿ ಗ್ಲಾಸನ್ನು ಇನ್ನಷ್ಟು ಬಿಗಿಹಿಡಿಯುತ್ತದೆ. ಇವನ್ನೆಲ್ಲ ಹದಿನಾಲ್ಕು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಹಾಗಾಗಿ ಪವರ್ ವಿಂಡೋ ಎಂದರೆ ನನ್ನ ಕೈಗೆ ಪಳಗಿದ ಕೆಲಸ ಎಂದೇ ನಂಬಿದ್ದೆ. ಆ ನಂಬಿಕೆಯೇ ಒಬ್ಬ ಹಿರಿಯ ಹೆಂಗಸನ್ನು ಮಳೆಯಲ್ಲಿ, ಕತ್ತಲಾಗುವ ಹೊತ್ತಿಗೆ, ಕಾಡಿನ ನಡುವೆ ನಿಲ್ಲಿಸಿತು. ನೆನೆದಾಗಲೆಲ್ಲ ಈಗಲೂ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ.

ಕಳೆದ ಆಗಸ್ಟ್ 2ರ ಮಾತು. ಮರುದಿನ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ನಿವೃತ್ತ ಟೀಚರೊಬ್ಬರು, ಊರಿನಲ್ಲಿ ಅರ್ಧದಷ್ಟು ಜನಕ್ಕೆ ಅಕ್ಷರ ಕಲಿಸಿದವರು, ಹಿಂದಿನ ದಿನವೇ ತಮ್ಮ ಸಣ್ಣ ಕಾರನ್ನು ಬಿಟ್ಟುಹೋಗಿದ್ದರು. ಡ್ರೈವರ್ ಬಾಗಿಲಿನ ಗ್ಲಾಸ್ ಅರ್ಧಕ್ಕೆ ನಿಂತಿತ್ತು. ಹೋಗುವಾಗ ಒಂದು ಮಾತು ಹೇಳಿದರು: “ಹಿಂದಿನ ಗ್ಲಾಸುಗಳೂ ನನ್ನ ಸ್ವಿಚ್ಚಿನಿಂದ ಒತ್ತಿದರೆ ನಿಧಾನಪ್ಪ, ಅದನ್ನೂ ನೋಡು.” ನಾನು ತಲೆಯಾಡಿಸಿದೆ. ಹಳೆಯ ಕಾರು, ಒದ್ದೆ ರಬ್ಬರ್, ನಿಧಾನವಾಗದೆ ಇನ್ನೇನು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಅವರ ಮಾತಿನಲ್ಲೇ ಅರ್ಧ ಉತ್ತರವಿತ್ತು.

ಡೋರ್ ಪ್ಯಾಡ್ ಬಿಚ್ಚಿ, ಮೋಟರಿಗೆ ವೈರ್ ಸಿಕ್ಕಿಸುವ ಕಪ್ಲರ್ ಕಳಚಿ, ಅದರ ಎರಡು ಪಿನ್ನಿಗೂ ಮೀಟರ್ ಹಿಡಿದು ಹುಡುಗನಿಗೆ ಸ್ವಿಚ್ ಒತ್ತಲು ಹೇಳಿದೆ. ಮೇಲಕ್ಕೆ ಒತ್ತಿದಾಗ 12.3. ಕೆಳಕ್ಕೆ ಒತ್ತಿದಾಗ ಅದೇ ಅಂಕಿ, ಮುಂದೆ ಮೈನಸ್. ಕರೆಂಟ್ ಬರುತ್ತಿದೆ, ಸ್ವಿಚ್ ದಿಕ್ಕು ಬದಲಿಸುತ್ತಿದೆ, ಮೋಟರ್ ತಿರುಗುತ್ತಿಲ್ಲ. ಅಂದರೆ ಮೋಟರ್ ಹೋಗಿದೆ. ಇಷ್ಟೇ ನನ್ನ ಲೆಕ್ಕ. ಬಿಚ್ಚಿದ ಮೋಟರಿಗೆ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟು ನೋಡಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷವನ್ನು ನಾನು ಕೊಡಲಿಲ್ಲ. ಹೊರಗೆ ಐದು ಗಾಡಿಗಳು ನಿಂತಿದ್ದವು, ನಮ್ಮ ಮಾಲೀಕರು ಗಂಟೆಗೊಮ್ಮೆ ಬಂದು “ಬದಲಿಸಿ ಕಳುಹಿಸು, ಕುತ್ತಿಗೆಗೆ ಕಟ್ಟಿಕೊಂಡು ಕೂರಬೇಡ” ಎನ್ನುತ್ತಿದ್ದರು. ಅವರಿಗೆ ಸಂಜೆ ಎಷ್ಟು ಗಾಡಿ ಹೊರಗೆ ಹೋಯಿತು ಎಂಬುದು ಮುಖ್ಯ, ಎಷ್ಟು ವಾಪಸ್ ಬಂತು ಎಂಬುದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಆದರೂ ಮೀಟರ್ ಹಿಡಿದ ಕೈ ನನ್ನದು, ಅವರದಲ್ಲ.

ಮೈಸೂರಿನಿಂದ ಬಸ್ಸಿನಲ್ಲಿ ಮೋಟರ್ ತರಿಸಿದೆವು, 3200 ರೂಪಾಯಿ. ಹಾಕಿ, ವೈರ್‌ಗಳ ಕಟ್ಟನ್ನು, ಅಂದರೆ ಹಾರ್ನೆಸನ್ನು, ಎಳೆದು ಕ್ಲಿಪ್ಪಿಗೆ ಕೂರಿಸಿ, ಸ್ವಿಚ್ ಒತ್ತಿದರೆ ಗ್ಲಾಸ್ ಸರ್ರನೆ ಏರಿತು. ಮೂರು ಸಲ ಏರಿಸಿ ಇಳಿಸಿದೆ. ಮೂರು ಸಲವೂ ಬಾಗಿಲು ತೆರೆದೇ ಇತ್ತು. ಟೀಚರ್ ಬಂದು ಹಣ ಕೊಟ್ಟು, ಕಣ್ಣಿನ ಶಸ್ತ್ರಚಿಕಿತ್ಸೆಯ ಕಾಗದಗಳ ಫೈಲನ್ನು ಪಕ್ಕದ ಸೀಟಿನಲ್ಲಿಟ್ಟು, ಮಗಳ ಮನೆಯಲ್ಲಿ ಪಾಯಸ ಮಾಡಲೆಂದು ಮದ್ದು ಸೊಪ್ಪಿನ ದೊಡ್ಡ ಕಟ್ಟನ್ನು ಹಿಂದಿಟ್ಟು, ಗಂಡನನ್ನು ಕೂರಿಸಿಕೊಂಡು ಮೈಸೂರಿಗೆ ಹೊರಟರು. ಶಸ್ತ್ರಚಿಕಿತ್ಸೆ ಆಗಬೇಕಿದ್ದದ್ದು ಗಂಡನಿಗೆ.

ಐದೂಕಾಲಿಗೆ ಕರೆ ಬಂತು. ಕಾಡಿನ ನಡುವಿನ ಆನೆಚೌಕೂರು ಚೆಕ್‌ಪೋಸ್ಟ್ ಗೇಟಿನಲ್ಲಿ ಗಾರ್ಡ್ ಜೊತೆ ಮಾತನಾಡಲು ಗ್ಲಾಸ್ ಇಳಿಸಿದ್ದಾರೆ. ಪೂರ್ತಿ ಇಳಿದದ್ದು ಮೇಲೆ ಬರುತ್ತಿಲ್ಲ. “ಸೊಪ್ಪು ನೆನೆದರೆ ನೆನೆಯಲಿ, ಇವರ ಕಾಗದಗಳು ಒದ್ದೆಯಾಗುತ್ತಿವೆ. ಏನು ಮಾಡಲಪ್ಪ?” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಗ್ಯಾರೇಜಿನ ಪಿಕಪ್ ಹೊರಗೆ ಹೋಗಿತ್ತು. ಹುಡುಗನನ್ನು ಹಿಂದೆ ಕೂರಿಸಿಕೊಂಡು, ಟೂಲ್ ಚೀಲವನ್ನು ರೈನ್‌ಕೋಟಿನೊಳಗೆ ಹಾಕಿಕೊಂಡು ಬೈಕಿನಲ್ಲೇ ಹೊರಟೆ. ತಿತಿಮತಿ ದಾಟಿದರೆ ರಸ್ತೆಯ ಎರಡೂ ಬದಿ ಕಾಡು. ಮತ್ತಿಗೋಡಿನ ಆನೆ ಕ್ಯಾಂಪಿನ ಹತ್ತಿರ ರಸ್ತೆಗೆ ಅಡ್ಡವಾಗಿ ಬಿದಿರು ಮುರಿದು ಬಿದ್ದಿತ್ತು, ಪಕ್ಕದಲ್ಲಿ ಹಸಿ ಲದ್ದಿ. ಹುಡುಗ ನನ್ನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ಮಾತನಾಡಲಿಲ್ಲ. ಗ್ಲಾಸ್ ಇಲ್ಲದ ಬಾಗಿಲಿನ ಪಕ್ಕದಲ್ಲಿ ಆ ದಂಪತಿ ಕುಳಿತಿರುವುದೊಂದೇ ನನ್ನ ಕಣ್ಣ ಮುಂದಿತ್ತು.

ಗಾರ್ಡ್ ಕಾರನ್ನು ಗೇಟಿನ ಮಾಡಿನ ಅಂಚಿಗೆ ನಿಲ್ಲಿಸಿಕೊಟ್ಟಿದ್ದರು. ಆದರೂ ಎರಚಲು ನೇರ ಸೀಟಿಗೆ ಹೊಡೆಯುತ್ತಿತ್ತು. ಟೀಚರ್ ತಮ್ಮ ಶಾಲನ್ನು ಕಿಟಕಿಗೆ ಅಡ್ಡ ಹಿಡಿದು ಕುಳಿತಿದ್ದರು. ನಾನು ಡೋರ್ ಪ್ಯಾಡ್ ಬಿಚ್ಚಿದೆ. ಆಗಲೂ ನನ್ನ ಗುಮಾನಿ ಇದ್ದದ್ದು ಹೊಸ ಮೋಟರಿನ ಮೇಲೆಯೇ. ಕಪ್ಲರ್ ಕಳಚಿ ಮೀಟರ್ ಹಿಡಿದೆ. 12.3. ಮತ್ತೆ ಹಿಡಿದೆ. 12.3. ಹೊಸ ಮೋಟರ್ ಇದೆ, ವೋಲ್ಟ್ ಇದೆ, ಗ್ಲಾಸ್ ಅಲುಗುತ್ತಿಲ್ಲ. ಕೈಯಿಂದ ಎತ್ತೋಣವೆಂದರೆ ವರ್ಮ್ ಗೇರ್ ಬಿಡುವುದಿಲ್ಲ. ಮಳೆಯ ನೀರು ಕೈಯಿಂದ ಇಳಿದು ತೋಳಿನೊಳಗೆ ಹರಿಯುತ್ತಿತ್ತು. ಎಷ್ಟು ಹೊತ್ತು ಹಾಗೆಯೇ ಆ ಅಂಕಿಯನ್ನು ನೋಡುತ್ತಾ ನಿಂತಿದ್ದೆನೋ ಗೊತ್ತಿಲ್ಲ. ಹುಡುಗ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತಿದ್ದವನು ಮೆಲ್ಲಗೆ ಹೇಳಿದ: “ಅಣ್ಣ, ಇಲ್ಲಿಂದ ಒತ್ತಿದರೆ ಬೇರೆ ಗ್ಲಾಸುಗಳೂ ಬರುತ್ತಿಲ್ಲ.”

ಟೀಚರ್ ಹಿಂದಿನ ದಿನ ಹೇಳಿದ್ದು ಆಗ ಕಿವಿಗೆ ಬಿತ್ತು, ಒಂದು ದಿನ ತಡವಾಗಿ. ನಾಲ್ಕೂ ಗ್ಲಾಸಿಗೆ ಸಮಾನವಾಗಿದ್ದದ್ದು ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್, ಅದಕ್ಕೆ ಕರೆಂಟ್ ತರುವ ಫೀಡ್ ವೈರ್, ಕರೆಂಟನ್ನು ಬ್ಯಾಟರಿಗೆ ಹಿಂತಿರುಗಿಸುವ ಅರ್ಥ್ ವೈರ್. ಮೋಟರ್ ಅಲ್ಲ.

ವೈರಿನಲ್ಲಿ ನಿಜಕ್ಕೂ ಕರೆಂಟ್ ಹರಿಯುತ್ತದೆಯೇ ಎಂದು ಬೆಳಗಿ ತೋರಿಸುವ ಟೆಸ್ಟ್ ಲ್ಯಾಂಪ್ ತಂದಿರಲಿಲ್ಲ. ಬೈಕಿನ ಇಂಡಿಕೇಟರಿನಿಂದ 10 ವ್ಯಾಟಿನ ಬಲ್ಬ್ ಕಿತ್ತು, ಎರಡು ತುಂಡು ವೈರ್ ಸುತ್ತಿ, ಮೋಟರಿನ ಕಪ್ಲರಿಗೆ ಕೊಟ್ಟೆ. ಹುಡುಗ ಸ್ವಿಚ್ ಒತ್ತಿದ. ಬಲ್ಬಿನೊಳಗಿನ ತಂತಿ ಬೀಡಿಯ ಕೊನೆಯಂತೆ ಕೆಂಪಗಾಯಿತು, ಬೆಳಗಲಿಲ್ಲ. ಬಲ್ಬ್ ಇದ್ದಂತೆಯೇ ಮೀಟರ್ ಹಿಡಿದರೆ 12.3 ಹೋಗಿ ಎರಡು ವೋಲ್ಟಿಗಿಂತ ಕೆಳಗೆ ಬಿದ್ದಿತ್ತು. ಆ ಬಲ್ಬ್ ಬೇಡುವುದು ಒಂದು ಆಂಪಿಯರಿಗಿಂತ ಕಡಿಮೆ. ಅಷ್ಟನ್ನೂ ಕೊಡಲಾಗದ ವೈರ್ ಮೋಟರಿಗೆ ಏನು ಕೊಟ್ಟೀತು? ಮೀಟರಿಗೆ ಮಾತ್ರ ಅದು ಸಾಕಾಗುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಬಳಸುವುದೇ ಇಲ್ಲ ಎನ್ನಬಹುದು. ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಅದು ಪೂರ್ತಿ 12.3 ತೋರಿಸುತ್ತದೆ.

ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್‌ನಿಂದ ಉದ್ದ ವೈರ್ ಎಳೆದು ಮಾಸ್ಟರ್ ಸ್ವಿಚ್ಚಿನ ಅರ್ಥ್ ಪಿನ್ನಿಗೆ ತಾಗಿಸಿದೆ. ಬಲ್ಬ್ ಝಗ್ಗನೆ ಬೆಳಗಿತು. ಗಾರ್ಡ್ ಕೂಡ “ಬಂತು ಬಂತು” ಎಂದರು.

ಬಾಗಿಲು ಮತ್ತು ಅದನ್ನು ಹಿಡಿದಿರುವ ಪಿಲ್ಲರ್ ನಡುವೆ ವೈರ್‌ಗಳು ಹಾಯುವ ಕಪ್ಪು ರಬ್ಬರ್ ಬೂಟನ್ನು ಹಿಂದಕ್ಕೆ ಸರಿಸಿದರೆ ಒಳಗಿಂದ ಒಂದು ಚಮಚದಷ್ಟು ನೀರು ಸುರಿಯಿತು. ಅರ್ಥಿನ ಕಪ್ಪು ವೈರ್ ಹೊರಗಿನಿಂದ ನೋಡಲು ಸರಿಯಾಗಿಯೇ ಇತ್ತು. ಬೆರಳಿನಿಂದ ಬಗ್ಗಿಸಿದಾಗ ಒಂದು ಕಡೆ ಮೂಳೆಯಿಲ್ಲದಂತೆ ಮೆತ್ತಗೆ ಮಡಚಿಕೊಂಡಿತು. ಇನ್ಸುಲೇಷನ್ ಸುಲಿದೆ. ತಾಮ್ರ ಹಸಿರು ಹುಡಿಯಾಗಿತ್ತು. ಅದರ ನಡುವೆ ಕಿಲುಬು ತಿಂದ ಎರಡೇ ಎಳೆ ಉಳಿದಿದ್ದವು. ವರ್ಷಗಟ್ಟಲೆ ಬಾಗಿಲು ತೆರೆದು ಮುಚ್ಚಿದ ಜಾಗದಲ್ಲೇ ಮಿಕ್ಕ ಎಳೆಗಳೆಲ್ಲ ತುಂಡಾಗಿದ್ದವು. ಗ್ಯಾರೇಜಿನಲ್ಲಿ ನಾನು ಹಾರ್ನೆಸ್ ಎಳೆದಾಡಿದಾಗ ತುದಿಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು, ಅದಕ್ಕೇ ಗ್ಲಾಸ್ ಏರಿತ್ತು. ನಾಲ್ಕಾರು ಸಲ ಬಾಗಿಲು ಹಾಕಿ ತೆಗೆಯುವಷ್ಟರಲ್ಲಿ ಮತ್ತೆ ಬಿಟ್ಟುಕೊಂಡವು.

ಎರಡೂ ಕಡೆ ಶುದ್ಧ ತಾಮ್ರ ಸಿಗುವ ತನಕ ಸುಲಿದು, ನಡುವೆ ಹೊಸ ತುಂಡು ಸೇರಿಸಿ ತಿರುಚಿ, ಟೇಪ್ ಸುತ್ತಿದೆ. ಗ್ಲಾಸ್ ಏರಿತು. ಇನ್ನು ಮನೆ ಮುಟ್ಟುವ ತನಕ ಇಳಿಸಬೇಡಿ ಎಂದೆ. “ಟೀಚರ್, ತಪ್ಪು ನನ್ನದೇ. ಮೋಟರ್ ಚೆನ್ನಾಗಿತ್ತು, ನಾನು ಸರಿಯಾಗಿ ನೋಡಲಿಲ್ಲ” ಎಂದು ಅಲ್ಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ತಲೆ ಒರೆಸಿಕೋ, ಜ್ವರ ಬರುತ್ತದೆ” ಎಂದು ಒದ್ದೆ ಶಾಲನ್ನೇ ಕೊಟ್ಟರು.

ಮರುದಿನ ಬೆಳಗ್ಗೆ ಗ್ಯಾರೇಜ್ ತೆರೆದೊಡನೆ, ಗುಜರಿ ಡಬ್ಬದಿಂದ ಅವರ ಹಳೆಯ ಮೋಟರ್ ತೆಗೆದು ಬ್ಯಾಟರಿಗೆ ಎರಡು ವೈರ್ ಕೊಟ್ಟೆ. ಒಂದೇ ಸಮ ತಿರುಗಿತು. ವೈರ್ ಅದಲುಬದಲು ಮಾಡಿದೆ, ಹಿಂದಕ್ಕೂ ತಿರುಗಿತು. ಮಾಲೀಕರಿಗೆ ತೋರಿಸಿದೆ. ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಅವರು ಮುಖ ತಿರುಗಿಸಿದರು. ಗ್ಯಾರೇಜಿಗೆ ಎರಡು ಒಳ್ಳೆಯ ಟೆಸ್ಟ್ ಲ್ಯಾಂಪ್ ಕೊಡಿ, ಮೋಟರ್ ಬದಲಿಸುವ ಮೊದಲು ನೇರ ಬ್ಯಾಟರಿಗೆ ಕೊಟ್ಟು ನೋಡಲು ಸಮಯ ಕೊಡಿ ಎಂದು ಎಷ್ಟೋ ಸಲ ಕೇಳಿದ್ದೇವೆ. ಆ ದಿನ ನಾನು ದನಿ ಎತ್ತಿಯೇ ಕೇಳಿದೆ. 3200ರಲ್ಲಿ ಅರ್ಧ ಅವರು, ಅರ್ಧ ನಾನು ಎಂದು ಕೊನೆಗೆ ಒಪ್ಪಿದರು. ಟೆಸ್ಟ್ ಲ್ಯಾಂಪನ್ನು ನಾನೇ ಮಾಡಿಕೊಂಡೆ, 21 ವ್ಯಾಟ್ ಬಲ್ಬ್, ಹೋಲ್ಡರ್, ಎರಡು ಕ್ಲಿಪ್.

ಹದಿನೈದು ದಿನ ಕಳೆದು ಟೀಚರ್ ಕಾರು ತಂದರು. ಗೇಟಿನಲ್ಲಿ ತಿರುಚಿದ ಜೋಡಣೆಯನ್ನು ಕತ್ತರಿಸಿ ಎಸೆದು, ಪಿಲ್ಲರ್ ಒಳಗಿನಿಂದ ಬಾಗಿಲಿನ ಒಳಗಿನ ತನಕ ಸಣ್ಣ ಎಳೆಗಳ ಮೆತ್ತನೆಯ ಹೊಸ ವೈರ್ ಎಳೆದೆ. ಸೋಲ್ಡರ್ ಮಾಡಿದ ಜಾಗ ಗಟ್ಟಿಯಾಗುವುದರಿಂದ ಅದು ಬಾಗುವ ಕಡೆ ಇರಬಾರದು. ಎರಡು ಜೋಡಣೆಯನ್ನೂ ಬೂಟಿನಿಂದ ಆಚೆಗಿಟ್ಟೆ. ಪಕ್ಕದ ಫೀಡ್ ವೈರೂ ಬಿಗಿಯಾಗತೊಡಗಿತ್ತು, ಅದನ್ನೂ ಬದಲಿಸಿದೆ. ನಂತರ ಬಾಗಿಲು ಮುಚ್ಚಿ, ತೆರೆದು, ಅರ್ಧ ತೆರೆದು, ಪ್ರತಿ ಸಲವೂ ಅರ್ಥಿನ ಡ್ರಾಪ್, ಅಂದರೆ ಆ ವೈರಿನಲ್ಲೇ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು, ನೋಡಿದೆ.

ಟೀಚರ್ ಸೀಟಿನಲ್ಲಿ ಕುಳಿತು ನಾಲ್ಕೂ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದರು. ಹಿಂದಿನ ಗ್ಲಾಸುಗಳು ಏರುವುದನ್ನು ಕನ್ನಡಿಯಲ್ಲಿ ನೋಡಿದರು. ಅವರ ಮೋಟರಿನ ಹಣವನ್ನು ಲಕೋಟೆಯಲ್ಲಿ ಕೊಟ್ಟೆ. ಹಳೆಯ ಮೋಟರನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ಮೇಲೆ ‘ಚೆನ್ನಾಗಿದೆ’ ಎಂದು ಬರೆದು ಡಿಕ್ಕಿಯಲ್ಲಿಟ್ಟೆ.