ಇಲ್ಲ, ನಮ್ಮಣ್ಣ ಕಡ್ಡಿ ಎಣಿಸಲ್ಲ

ಅಣ್ಣನಿಗೆ ಆಟಿಸಂ ಇದೆ ಅಂದ ತಕ್ಷಣ ಬರುವ ಪ್ರಶ್ನೆ ಒಂದೇ. "ಓ, ರೈನ್ ಮ್ಯಾನ್ ಸಿನಿಮಾದ ಥರಾನಾ? ಹಾಗಾದ್ರೆ ಅವರಿಗೆ ಏನು ಪವರ್ ಇದೆ?" ಯಾವ ಪವರೂ ಇಲ್ಲ ರೀ. ಆಟಿಸಂ ಇರುವ ಹೆಚ್ಚಿನವರಿಗೆ ಇರುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ.

ಹೋದ ವರ್ಷ ಮದುವೆ ಮನೆಯೊಂದರಲ್ಲಿ ದೂರದ ನೆಂಟರೊಬ್ಬರು ಅಣ್ಣನ ಎದುರು ಕುರ್ಚಿ ಎಳೆದುಕೊಂಡು ಕೂತು, ತಾವು ಹುಟ್ಟಿದ ತಾರೀಖು ಹೇಳಿ, ಅವತ್ತು ಯಾವ ವಾರ ಹೇಳಪ್ಪ ಅಂದರು. ಅಣ್ಣ ಫ್ಯಾನ್ ನೋಡುತ್ತಿದ್ದ. ಮತ್ತೆ ಕೇಳಿದರು, ಜೋರಾಗಿ. ಅವನು ಎರಡೂ ಕಿವಿ ಮುಚ್ಚಿಕೊಂಡ. "ಗೊತ್ತಿಲ್ವಾ?" ಅಂತ ನನ್ನ ಕಡೆ ತಿರುಗಿದರಲ್ಲ, ಕೊಟ್ಟ ದುಡ್ಡಿಗೆ ಸಾಮಾನು ಬರಲಿಲ್ಲ ಅನ್ನುವ ಮುಖ.

1988ರ ಆ ಸಿನಿಮಾ ನನಗೂ ಇಷ್ಟ. ಡಸ್ಟಿನ್ ಹಾಫ್‌ಮನ್ ಆಟಿಸಂ ಇರುವ ಅಣ್ಣ ರೇಮಂಡ್, ಟಾಮ್ ಕ್ರೂಸ್ ತಮ್ಮ ಚಾರ್ಲಿ. ನೆಲಕ್ಕೆ ಚೆಲ್ಲಿದ 246 ಟೂತ್‌ಪಿಕ್ ಕಡ್ಡಿಗಳನ್ನು ರೇಮಂಡ್ ಒಂದೇ ನೋಟಕ್ಕೆ ಎಣಿಸುವುದು ಎಲ್ಲರಿಗೂ ನೆನಪಿದೆ. ಬಚ್ಚಲಿನ ದೃಶ್ಯ ಯಾಕೆ ಯಾರಿಗೂ ನೆನಪಿಲ್ಲ? ಚಾರ್ಲಿ ಬಿಸಿನೀರು ಬಿಡುತ್ತಾನೆ, ರೇಮಂಡ್ ಹೆದರಿ ಕಿರುಚುತ್ತಾನೆ. ಮಗುವಾಗಿದ್ದ ತನಗೆ ಅಣ್ಣನಿಂದ ಏನಾದರೂ ಆದೀತು ಅಂತಲೇ ಅವನನ್ನು ಸಂಸ್ಥೆಗೆ ಸೇರಿಸಿದ್ದರು ಅನ್ನುವುದು ಚಾರ್ಲಿಗೆ ತಿಳಿಯುವುದೇ ಆಗ. ಅಲ್ಲಿವರೆಗೂ 'ರೈನ್ ಮ್ಯಾನ್' ಅಂದರೆ ಚಿಕ್ಕಂದಿನಲ್ಲಿ ಹಾಡು ಹೇಳುತ್ತಿದ್ದ, ನಿಜಕ್ಕೂ ಇಲ್ಲದ ಗೆಳೆಯ ಅಂದುಕೊಂಡಿದ್ದ; ಅದು ರೇಮಂಡೇ.

ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರನ್ನೂ ಸಂಸ್ಥೆಗೆ ಬಿಡಿ ಅಂತ ವೈದ್ಯರು ಹೇಳಿದ್ದರು. ಹೆತ್ತವರು ಬಿಡಲಿಲ್ಲ. 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಜೊತೆಗಿದ್ದದ್ದು ಅಪ್ಪ.

ನಮ್ಮ ಮನೆಯಲ್ಲಿ ಕಳಿಸಿಬಿಟ್ಟರು. ನನಗಾಗ ಆರು ತಿಂಗಳು. ಅಣ್ಣ ಅಜ್ಜಿ ಊರಿಗೆ ಹೋದ. ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಅಪ್ಪ "ಒಬ್ಬನೇ" ಅನ್ನುತ್ತಿದ್ದರು, ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೂ ಸುಮ್ಮನಿದ್ದೆ. ಅವನಿಗೇನು ಬರುತ್ತೆ ಅಂತ ಕೇಳುವ ಬದಲು, ಬಸ್ಸಲ್ಲಿ ಮೂರು ಗಂಟೆ ದಾರಿ, ನೀನ್ಯಾಕೆ ಅಷ್ಟು ವರ್ಷ ಹೋಗಲಿಲ್ಲ ಅಂತ ನನ್ನನ್ನು ಕೇಳಿ. ಹೆದರಿಕೆ. ಅವನನ್ನು ನೋಡಿದರೆ ಅಪ್ಪನ ಮೇಲೆ ಸಿಟ್ಟು ಬರುತ್ತೆ ಅನ್ನುವ ಹೆದರಿಕೆ.

ಅಜ್ಜಿ ಹೋದ ಮೇಲೆ ಕರೆತರಲು ಹೋದೆ. ಅವನ ಚೀಲದಲ್ಲಿ ಒಂದು ಕುಲಾವಿ ಇತ್ತು, ಒಗೆದು ಒಗೆದು ಜಾಳಾಗಿತ್ತು. ಯಾರದ್ದು ಅಂದೆ.

"ಪಾಪುದು."

ಈಗ ನನ್ನ ಜೊತೆಗೇ ಇದ್ದಾನೆ. ರಾತ್ರಿ ಅದನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಡುತ್ತಾನೆ. ನಾನು ಮುಟ್ಟಲು ಹೋದರೆ ಕೈ ತಳ್ಳುತ್ತಾನೆ.