ಬೀರುವಿನ ಕೀಲಿ

ನಮ್ಮ ಚರ್ಚ್ ಇರುವುದು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ. ಚರ್ಚಿನ ಕೆಲಸಗಳನ್ನು ನೋಡಿಕೊಳ್ಳುವ ಪಾಲನಾ ಸಮಿತಿಯಲ್ಲಿ ನಾನು 11 ವರ್ಷದಿಂದ ಖಜಾಂಚಿ. ಯುವಕರಿಗೆ ಕೆಲಸವನ್ನೇನೋ ನಾವು ಕೊಡುತ್ತಲೇ ಬಂದಿದ್ದೇವೆ. ಕುರ್ಚಿ ಹಾಕಿ, ಮೈಕ್ ಕಟ್ಟಿ, ಊಟ ಬಡಿಸಿ. ಆಮೇಲೆ ಸಭೆಯಲ್ಲಿ ಕೂತು, ಈಗಿನ ಹುಡುಗರಿಗೆ ಚರ್ಚ್ ಬೇಡವಾಗಿದೆ ಅಂತ ಬೇಜಾರು ಮಾಡಿಕೊಳ್ಳುತ್ತೇವೆ.

ಹೋದ ವರ್ಷ ಫಾದರ್ ತೆನೆ ಹಬ್ಬವನ್ನು ಯುವ ಸಂಘಕ್ಕೇ ಬಿಟ್ಟರು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಮಕ್ಕಳು ಮೆರವಣಿಗೆಯಲ್ಲಿ ಅವರಿಗೆ ಹೂ ಹಾಕುವ, ಫಾದರ್ ಹೊಸ ಬೆಳೆಯ ತೆನೆಯನ್ನು ಆಶೀರ್ವದಿಸುವ ದಿನ. ಸಂಘದ ಮುಂದಾಳು ಬಿ.ಕಾಂ. ಓದುವ ಹುಡುಗಿ, ತೋಟದ ಕೆಲಸಗಾರರು ಇರುವ ಲೈನ್ ಮನೆಯವಳು. ಬಂದವಳೇ ಕೇಳಿದಳು, "ಅಂಕಲ್, ದುಡ್ಡು ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ಹಾಗಾದ್ರೆ 50 ರೂಪಾಯಿ ಹೂವಿಗೂ ನಿಮ್ಮನ್ನೇ ಕೇಳಬೇಕು ಅಲ್ವಾ?"

ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಬೀರುವಿನ ಕೀಲಿ, ಹಬ್ಬದ ಲೆಕ್ಕದ ಪುಸ್ತಕ ಎರಡನ್ನೂ ಅವಳ ಕೈಗೆ ಕೊಟ್ಟೆ. ಕೊಡುವಾಗ ಭಯ ಇತ್ತು, ಸುಳ್ಳು ಹೇಳಲ್ಲ.

ಹಬ್ಬದ ಬೆಳಿಗ್ಗೆ ಜೋರು ಮಳೆ. ಏಳು ಗಂಟೆಗೆ ಸಮಿತಿಯ ಹಿರಿಯರೊಬ್ಬರ ಫೋನ್. "ಮೆರವಣಿಗೆ ಬೇಡ, ಒಳಗೇ ಹೂ ಹಾಕೋಣ ಅಂತಿದ್ದಾಳೆ. ಎಷ್ಟು ವರ್ಷದಿಂದ ನಡೆದು ಬಂದಿದ್ದು! ನೀವು ಹೇಳಿ." ಹೇಳಿಬಿಡೋಣ ಅಂತ ನನಗೂ ಅನಿಸಿತು. ತಡೆದುಕೊಂಡೆ. "ಹೊಣೆ ಅವಳದ್ದು. ಅವಳನ್ನೇ ಕೇಳಿ" ಅಂದೆ.

ನಾನು ಹೋಗುವಷ್ಟರಲ್ಲಿ ಹೂವಿನ ತಟ್ಟೆ ಹಿಡಿದ ಮಕ್ಕಳು ಒಳಗೆ ಸಾಲಾಗಿ ನಿಂತಿದ್ದರು. ಮುಂದೆ ನಿಂತವರು ಲೈನ್ ಮನೆಗಳ ಮಕ್ಕಳು. ತೋಟದಿಂದ ನಡೆದು ಬರುವಾಗಲೇ ನೆನೆದು ತೊಪ್ಪೆಯಾಗಿದ್ದ ಅವರನ್ನು ಮತ್ತೆ ಮಳೆಗೆ ನಿಲ್ಲಿಸಲು ಅವಳಿಗೆ ಮನಸ್ಸಾಗಿರಲಿಲ್ಲ. ಫಾದರ್ ತೆನೆ ಆಶೀರ್ವದಿಸಿದರು. ಕಬ್ಬು ಹಂಚಿದ್ದಾಯಿತು.

ಸಂಜೆ ಲೆಕ್ಕ ನೋಡಿದೆ. ಗುಂಡು ಗುಂಡು ಅಕ್ಷರ. ಹೂವು, ಕಬ್ಬು, ಶಾಮಿಯಾನ. ಅದರ ಕೆಳಗೆ 'ಮಕ್ಕಳಿಗೆ ತಲೆ ಒರೆಸಲು ಟವೆಲ್ 24, ಬಿಸಿ ಹಾಲು 8 ಲೀಟರ್'. ಮಳೆಗಾಲದ ಹಬ್ಬ ಅಂತ ಟವೆಲ್‌ಗಳನ್ನು ಹಿಂದಿನ ದಿನವೇ ತರಿಸಿಟ್ಟಿದ್ದಳು. 11 ವರ್ಷದಲ್ಲಿ ಇಂಥ ಒಂದು ಸಾಲನ್ನು ನಾನು ಬರೆದಿರಲಿಲ್ಲ.

2018ರ ಅಕ್ಟೋಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನಲ್ಲಿ ಯುವಜನರ ಕುರಿತೇ ಸಿನೊಡ್, ಅಂದರೆ ಬಿಷಪ್‌ಗಳ ಸಭೆ, ಕರೆದಿದ್ದರು. ಅಲ್ಲಿಗೆ ಹೋದ ಯುವಕ ಯುವತಿಯರು ಮಾತಾಡಬಹುದಿತ್ತು, ಓಟು ಹಾಕುವಂತಿರಲಿಲ್ಲ. 2023ರ ಸಿನೊಡ್‌ನಲ್ಲಿ ಪಾದ್ರಿಗಳಲ್ಲದ ಶ್ರೀಸಾಮಾನ್ಯ ಸದಸ್ಯರಿಗೂ ಓಟು ಸಿಕ್ಕಿತು. ಅಷ್ಟು ದೊಡ್ಡ ಸಭೆಯಲ್ಲಿ ಆಗಿದ್ದು ನಮ್ಮ ಹತ್ತಾರು ಜನರ ಸಮಿತಿಯಲ್ಲಿ ಯಾಕೆ ಆಗಬಾರದು?

ಈ ಮಾತು ಸುಮ್ನೆ ನೆನಪಾಗಿದ್ದಲ್ಲ. ಕೀಲಿ ವಾಪಸ್ ಕೊಡುತ್ತಾ ಅವಳು ಕೇಳಿದ್ದಳು, "ಅಂಕಲ್, ಲೆಕ್ಕ ಒಪ್ಪಿಸೋ ಸಭೆಗೆ ನಾನೂ ಬರಬಹುದಾ?"

ಕೀಲಿ ಅವಳ ಹತ್ತಿರವೇ ಇರಲಿ ಅಂದೆ. ಆ ರಾತ್ರಿಯೇ ಕೂತು, ಅವಳನ್ನು ಸಮಿತಿಗೆ ಸೇರಿಸಿಕೊಳ್ಳಿ ಅಂತ ಫಾದರ್‌ಗೆ ಕಾಗದ ಬರೆದೆ.