ಜುಮುಕಿ ಎಷ್ಟು ತಿಂಗಳಲ್ಲಿ ಬರುತ್ತೆ, ಮೇಡಂ?

ಅಂಗಡಿಗೆ ಹೋದರೆ ಇವತ್ತೇ ಬರುತ್ತೆ ಕಣ್ರೀ.

ಬೆಳ್ಳಿ ಕೆಲಸ ಹೇಳಿಕೊಡಲು ಶುರು ಮಾಡಿದಾಗಿನಿಂದ ಫೋನ್ ಎತ್ತಿದರೆ ಇದೇ. ‘ಬೇಸಿಕ್ ಆಗಿದೆ, ಉಂಗುರ ಮಾಡಿದ್ದೀನಿ, ಅಡ್ವಾನ್ಸ್ಡ್‌ಗೆ ಎಷ್ಟು ದಿನ?’ ಏನೋ ಗುಟ್ಟಿನ ವಿದ್ಯೆಯನ್ನು ನಾನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀನಿ ಅನ್ನುವ ಧಾಟಿ. ಅಂಥದ್ದೇನೂ ಇಲ್ಲ. ಬೆಸುಗೆ ಹರಿಯಲೆಂದು ಹಚ್ಚುವ ಅದೇ ಬಿಳಿಗಾರ, ಅದೇ ಉರಿ, ಅದೇ ಬೆಸುಗೆ. ಉಂಗುರಕ್ಕೆ ಒಂದು ಬೆಸುಗೆ ಸಾಕು. ಜುಮುಕಿಗೆ ಬಟ್ಟಲು, ಅಂಚಿನ ತಂತಿ, ಸುತ್ತ ಗುಂಡು, ಮೇಲೆ ಕೊಂಡಿ. ಎರಡನೆಯ ಬೆಸುಗೆ ಕಾಯಿಸುವಾಗ ಮೊದಲನೆಯದು ಬಿಟ್ಟುಕೊಳ್ಳಬಾರದು. ಅದಕ್ಕೇ ಮೊದಲು 750 ಡಿಗ್ರಿ ದಾಟಿ ಹರಿಯುವ ಗಟ್ಟಿ ಬೆಸುಗೆ, ಕೊನೆಗೆ 700ರ ಆಸುಪಾಸಿನದು. ಇತ್ತ 925ರ ಬೆಳ್ಳಿಯೇ (ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) 800 ದಾಟಿದರೆ ಕರಗಲು ಶುರು. ಇದನ್ನೆಲ್ಲ ಅಳೆಯುವುದು ಕಣ್ಣಿನಲ್ಲಿ. ನನ್ನ ಹನ್ನೆರಡನೆಯ ಜುಮುಕಿ ನಿಂತಿತು. ಹನ್ನೊಂದು ಮೂಸೆಗೆ ವಾಪಸ್ ಹೋದವು. ತಿಂಗಳ ಲೆಕ್ಕ ನೀವೇ ಹಾಕಿಕೊಳ್ಳಿ.

ಹೋದ ವರ್ಷ ಸಾಫ್ಟ್‌ವೇರಿನವರೊಬ್ಬರು ಬಂದಿದ್ದರು. ಬುದ್ಧಿವಂತರು, ನೋಟ್‌ಬುಕ್ ತುಂಬ ಬರೆದುಕೊಂಡರು. ಮೂರು ಶನಿವಾರ ಕೂತು ಬಟ್ಟಲಿನ ಅಂಚಿಗೆ ಸಾಸಿವೆ ಗಾತ್ರದ ಇಪ್ಪತ್ತನಾಲ್ಕು ಗುಂಡು ಕೂರಿಸಿದರು. ಕೊಂಡಿಯೊಂದೇ ಬಾಕಿ. ಬಿಳಿಗಾರ ಮೊದಲು ಹಪ್ಪಳದ ಹಾಗೆ ಉಬ್ಬಿತು, ಆಮೇಲೆ ಕೂತು ಗಾಜಿನ ಹಾಗೆ ತಿಳಿಯಾಯಿತು. ‘ಈಗ ಉರಿ ಸುತ್ತ ಆಡಿಸಿ’ ಅಂದೆ. ಅವರು ಬೆಸುಗೆ ಚೂರಿಗೇ ಗುರಿ ಇಟ್ಟರು. ಸುತ್ತಲಿನ ಬೆಳ್ಳಿ ಕಾಯದೆ ಬೆಸುಗೆ ಹರಿಯುವುದಿಲ್ಲ. ಚೂರು ಉಂಡೆಯಾಗಿ ಕೂತುಬಿಟ್ಟಿತು. ಸಿಟ್ಟಿಗೆ ಗ್ಯಾಸ್ ಜಾಸ್ತಿ ತಿರುವಿದರು. ಒಂದು ಗುಂಡು ಜಾರಿತು, ಆಮೇಲೆ ನಾಲ್ಕು, ಆಮೇಲೆ ಅಂಚೇ ಕುಸಿಯಿತು.

‘ಇದು ಸರಿಹೋಗೋಕೆ ಎಷ್ಟು ದಿನ ಬೇಕು ಮೇಡಂ?’

‘ಮೊದಲು ಗ್ಯಾಸ್ ಆರಿಸಿ ಸಾರ್.’

‘ಇನ್ನೂ ಬೇಗ ಹರಿಯೋ ಬೆಸುಗೆ ಇಲ್ವಾ?’ ಅಂದರು.

ಇದೆ. ಅಂಗಡಿ ಬೋರ್ಡುಗಳ ಮೇಲೆ ‘ಕೆಡಿಎಂ’ ಅಂತ ನೋಡಿರುತ್ತೀರಿ, ಅದು ಕ್ಯಾಡ್ಮಿಯಂ ಅನ್ನುವ ಲೋಹ. ಚಿನ್ನದ ಕೆಲಸದ ಹಳೆಯ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಹೆಚ್ಚಿದ್ದು ಒಡವೆಯ ಕ್ಯಾರೆಟ್ ಇಳಿಯುತ್ತಿತ್ತು. ಚಿನ್ನಕ್ಕೆ ಸ್ವಲ್ಪ ಕ್ಯಾಡ್ಮಿಯಂ ಬೆರೆಸಿದರೆ ಕಡಿಮೆ ಕಾವಿಗೇ ನೀರಿನ ಹಾಗೆ ಹರಿಯುತ್ತೆ, ಕ್ಯಾರೆಟ್ಟೂ ಉಳಿಯುತ್ತೆ. ಗಿರಾಕಿಗೆ ಖುಷಿ, ಅಂಗಡಿಯವರಿಗೆ ಖುಷಿ. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತೆ, ಉರಿ ತಗಲಿದರೆ ಹೊಗೆಯಾಗಿ ಏಳುತ್ತೆ. ಆ ಹೊಗೆ ವಿಷ.

ಅದು ಎಲ್ಲಿಗೆ ಹೋಗುತ್ತೆ ಅಂತ ಕೇಳಿ ನೋಡೋಣ. ಬೆಂಗಳೂರಿನ ನಗರ್ತಪೇಟೆಯ ಗಲ್ಲಿಯೊಳಗೆ, ನಾಲ್ಕು ಜನ ಕೂತರೆ ಮೊಣಕಾಲು ತಾಗುವ ಕೋಣೆಯಲ್ಲಿ ಅಪ್ಪ ಊದುಗೊಳವೆ ಹಿಡಿದು ಕೂರುತ್ತಿದ್ದರು. ಫ್ಯಾನ್ ಹಾಕಿದರೆ ಉರಿ ಅಲ್ಲಾಡುತ್ತೆ, ಅರದ ಪುಡಿ ಹಾರುತ್ತೆ ಅಂತ ಕಿಟಕಿಯನ್ನೂ ಮುಚ್ಚುತ್ತಿದ್ದರು. ಎರಡು ಸಲ ಊದಿದರೆ ಒಂದು ಸಲ ಕೆಮ್ಮು. ಬಂದವರು ಕೇಳುತ್ತಿದ್ದದ್ದು ವೇಸ್ಟೇಜ್ ಎಷ್ಟು ಪರ್ಸೆಂಟ್ ಅಂತ. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಅಂತ ತಮಾಷೆ ಬೇರೆ. ಅಪ್ಪನೂ ನಗುತ್ತಿದ್ದರು, ನನಗೆ ಇವತ್ತಿಗೂ ನಗು ಬರುವುದಿಲ್ಲ.

ನನ್ನಲ್ಲಿ ಕ್ಯಾಡ್ಮಿಯಂ ಬೆಸುಗೆ ಒಳಗೆ ಬರುವ ಹಾಗಿಲ್ಲ. ಎಕ್ಸಾಸ್ಟ್ ಫ್ಯಾನ್ ಯಾವಾಗಲೂ ಓಡುತ್ತಿರುತ್ತೆ. ಕಲಿಯಲು ಬಂದವರು ಅದರ ಸದ್ದು ಜಾಸ್ತಿ ಅಂತ ದೂರುತ್ತಾರೆ.

ಸಾಫ್ಟ್‌ವೇರಿನವರು ಈಗಲೂ ಬರುತ್ತಾರೆ. ಒಂದು ಕಿವಿಯದ್ದು ಮುಗಿದಿದೆ, ಚೆನ್ನಾಗಿಯೇ ಇದೆ. ಇನ್ನೊಂದು ಎಷ್ಟು ತಿಂಗಳಿಗೆ ಅಂತ ಅವರ ಹೆಂಡತಿ ದಿನಾ ಕೇಳುತ್ತಾರಂತೆ.